ಅಪ್ಪನ ಕೋಪ ನನ್ನೊಳಗೂ ಇದೆ, ಇದು ಬದಲಾಗುತ್ತದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪ ಬೆಲ್ಟಿನಿಂದ ಹೊಡೆದು ಬೆಳೆಸಿದರು, ಈಗ ನಿಮ್ಮ 6 ವರ್ಷದ ಮಗ ಹಾಲು ಚೆಲ್ಲಿದರೆ ನಿಮ್ಮ ಬಾಯಲ್ಲಿ ಅಪ್ಪನ ಅದೇ ಬೈಗುಳ ಬರುತ್ತದೆ ಎಂದು ಬರೆದಿದ್ದೀರಿ. ಕ್ರಿಸ್ತನನ್ನು ನಂಬಿದವನು 'ಹೊಸ ಸೃಷ್ಟಿ' ಎಂದು ಕ್ರೈಸ್ತರು ಹೇಳುತ್ತೀರಲ್ಲ, ನಿಜಕ್ಕೂ ಸ್ವಭಾವ ಬದಲಾಗುತ್ತದಾ, ಇಲ್ಲ ಬೆಳೆದ ಹಾಗೇ ಉಳಿದುಬಿಡುತ್ತೇವಾ ಎಂದು ಕೇಳಿದ್ದೀರಿ.

ಬದಲಾಗುತ್ತದೆ. ಆದರೆ ನಿಧಾನವಾಗಿ. ನನ್ನ ಮನೆಯ ವಿಷಯದಿಂದಲೇ ಶುರು ಮಾಡುತ್ತೇನೆ.

ನಾನು ಬೆಂಗಳೂರಿನ ಕನ್ನಡ ಕ್ರೈಸ್ತ ಮನೆಯಲ್ಲಿ ಬೆಳೆದವನು. ಕಾರ್ಪೊರೇಷನ್ ಹತ್ತಿರ, 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚಿನಲ್ಲಿ ಸಂಡೇ ಸ್ಕೂಲ್ ಕಲಿತೆ. ಮನೆಯಲ್ಲಿ ದಿನಾ ರಾತ್ರಿ ಕುಟುಂಬ ಪ್ರಾರ್ಥನೆ. ಒಂದು ಕೀರ್ತನೆ ಓದಬೇಕು, ಒಂದು ವಾಕ್ಯ ಬಾಯಿಪಾಠ ಒಪ್ಪಿಸಬೇಕು, ಆಮೇಲೆ ಊಟ. ನಮ್ಮಪ್ಪ ಯಾವತ್ತೂ ನಮ್ಮ ಮೇಲೆ ಕೈ ಎತ್ತಲಿಲ್ಲ. ಆದರೆ ಆಮೆನ್ ಹೇಳಿ ತಟ್ಟೆ ಮುಂದೆ ಕೂತ ಕೂಡಲೇ ಬೇರೆಯವರ ಹುಳುಕು ತೆಗೆಯುತ್ತಿದ್ದರು. ಯಾರು ಮೋಸಗಾರ, ಯಾರ ಭಕ್ತಿ ಬರೀ ನಾಟಕ, ಯಾರು ನಮ್ಮನ್ನು ತುಳಿಯಲು ನೋಡಿದರು. ವಾಕ್ಯಗಳನ್ನು ನಾನು ಬಾಯಲ್ಲಿ ಕಲಿತೆ. ಆ ಊಟದ ಮಾತನ್ನು ಮನಸ್ಸಿನಲ್ಲಿ ಕಲಿತೆ. ಯಾರನ್ನೇ ನೋಡಲಿ, ಇವನ ಒಳಗುಟ್ಟು ಏನಿರಬಹುದು ಎಂದೇ ಮೊದಲು ಯೋಚಿಸುತ್ತಿದ್ದೆ. ಅದನ್ನು ನಾನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಮಗಳಿಗೆ 7 ವರ್ಷ ಇದ್ದಾಗ ಪಕ್ಕದ ಮನೆಯ ಆಂಟಿ ಕ್ರಿಸ್‌ಮಸ್‌ಗೆ ಕಜ್ಜಾಯ ಕೊಟ್ಟು ಹೋದರು. ಬಾಗಿಲು ಹಾಕಿದ ಮೇಲೆ ಅವಳು ಕೇಳಿದಳು: "ಅಪ್ಪಾ, ಇವರಿಗೆ ನಮ್ಮಿಂದ ಏನೋ ಕೆಲಸ ಆಗಬೇಕು, ಅಲ್ವಾ?" ಅದು ನನ್ನದೇ ದನಿ. ಅಲ್ಲ, ನಮ್ಮಪ್ಪನ ದನಿ. ಮೊಮ್ಮಗಳು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾಗಿ ನಿಮ್ಮ ಭಯ ನನಗೆ ಗೊತ್ತು.

ಇಂಥ ಹೊತ್ತಿನಲ್ಲಿ ಕೆಲವರು 'ತಲೆಮಾರಿನ ಶಾಪ' ಎಂದು ಹೆದರಿಸುತ್ತಾರೆ. ತಂದೆಯ ಪಾಪ ಮೂರು ನಾಲ್ಕು ತಲೆಮಾರಿಗೆ ಎಂದು ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯ ತೋರಿಸುತ್ತಾರೆ. ಅದರ ಮುಂದಿನ ವಚನವನ್ನೇ ಓದಿ. ದೇವರ ದಯೆ ಸಾವಿರ ತಲೆಮಾರಿನವರೆಗೆ ಎಂದಿದೆ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ 18ನೇ ಅಧ್ಯಾಯವಂತೂ ಇದಕ್ಕೇ ಮೀಸಲು. ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯುತ್ತದೆ ಎಂಬ ಗಾದೆ ಆಗ ಜನರ ಬಾಯಲ್ಲಿತ್ತು. ಇನ್ನು ಮುಂದೆ ಆ ಗಾದೆ ಹೇಳಬೇಡಿ ಎಂದು ದೇವರೇ ಹೇಳುತ್ತಾನೆ. ಅಪ್ಪನ ಕೆಡುಕನ್ನು ನೋಡಿ, ಯೋಚಿಸಿ, ಹಾಗೆ ನಡೆಯದ ಮಗ ಬದುಕುತ್ತಾನೆ ಎಂದು ಅಲ್ಲಿದೆ. ನೀವು ಈ ಪ್ರಶ್ನೆ ಬರೆದಾಗ ಮಾಡಿದ್ದು ಅದನ್ನೇ.

ಒಳ್ಳೆಯ ಮನೆಯಲ್ಲಿ ಬೆಳೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಎಂದು ನಿಮಗೆ ಅನಿಸಬಹುದು. ಇದಕ್ಕೆ ಮೋನಿಕಾ ಎಂಬ ತಾಯಿಯ ಕತೆ ಹೇಳಬೇಕು. ಮುಂದೆ ದೊಡ್ಡ ಕ್ರೈಸ್ತ ಗುರುವಾದ ಮಗ ಅಗಸ್ಟೀನ ದಾರಿಗೆ ಬರಲಿ ಎಂದು ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದವಳು ಎಂದು ಎಲ್ಲರೂ ಅವಳನ್ನು ನೆನೆಯುತ್ತಾರೆ. 387ರಲ್ಲಿ ಮಿಲಾನಿನಲ್ಲಿ ಅಲ್ಲಿನ ಬಿಷಪ್ ಅಂಬ್ರೋಸನ ಕೈಯಿಂದ ಅವನ ದೀಕ್ಷಾಸ್ನಾನ ಆಯಿತು. ಆದರೆ ಅವಳ ಬಾಲ್ಯದ ಬಗ್ಗೆ ಮಗನೇ ಬರೆದದ್ದು ಕಡಿಮೆ ಜನರಿಗೆ ಗೊತ್ತು. ಅವಳನ್ನು ಸಾಕಿದ ಮುದುಕಿ ಬಹಳ ಕಟ್ಟುನಿಟ್ಟು. ಊಟದ ಹೊತ್ತು ಬಿಟ್ಟರೆ ನೀರು ಕೂಡ ಕುಡಿಯಲು ಬಿಡುತ್ತಿರಲಿಲ್ಲ. ಈಗ ನೀರಿಗೆ ತಡೆ ಇಲ್ಲದವರು ನಾಳೆ ದ್ರಾಕ್ಷಾರಸದ ಬೀಗದ ಕೈ ಸಿಕ್ಕಾಗ ಏನು ಮಾಡುತ್ತಾರೆ ಎಂಬುದು ಅವಳ ಚಿಂತೆ. ಅಷ್ಟಾದರೂ ಏನಾಯಿತು? ಪೀಪಾಯಿಯಿಂದ ದ್ರಾಕ್ಷಾರಸ ತರಲು ಹುಡುಗಿಯನ್ನು ಕಳಿಸುತ್ತಿದ್ದರು. ಅವಳು ಸುಮ್ನೆ ತುಟಿಗೆ ತಾಗಿಸಿ ನೋಡಿದಳು. ನಾಳೆ ಇನ್ನೊಂದು ಚೂರು. ಹೀಗೇ ಹೋಗಿ ಬಟ್ಟಲುಗಟ್ಟಲೆ ಕುಡಿಯುವ ಅಭ್ಯಾಸವೇ ಆಯಿತು. ಒಂದು ದಿನ ಜಗಳದಲ್ಲಿ ಕೆಲಸದವಳೊಬ್ಬಳು ಕುಡುಕಿ ಎಂದು ಬೈದಳು. ಆ ಮಾತು ಚುಚ್ಚಿತು. ಅಲ್ಲಿಗೆ ಬಿಟ್ಟಳು. ಅಷ್ಟು ಎಚ್ಚರದಿಂದ ಬೆಳೆಸಿದ ಮುದುಕಿಯಿಂದ ಆಗದ್ದನ್ನು ದೇವರು ಒಂದು ಬೈಗುಳದಿಂದ ಮಾಡಿದನು ಎಂದು ಅಗಸ್ಟೀನ ಬರೆಯುತ್ತಾನೆ.

ನನಗೆ ಈ ಕತೆಯಲ್ಲಿ ಮುಖ್ಯ ಅನಿಸುವುದು ಆ ಮೊದಲ ಗುಟುಕು. ಯೋಚನೆಯೂ ಹಾಗೇ ಬೆಳೆಯುತ್ತದೆ. ಮನುಷ್ಯನನ್ನು ಕೆಡಿಸುವುದು ಒಳಗಿಂದ, ಹೃದಯದಿಂದ ಹೊರಡುವ ಯೋಚನೆಗಳು ಎಂದು ಯೇಸು ಹೇಳಿದ್ದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ಹಾಲು ಚೆಲ್ಲಿದ ಕ್ಷಣದಲ್ಲಿ ನಿಮ್ಮ ಕೋಪ ಹುಟ್ಟಿರುವುದಿಲ್ಲ. ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಶುರುವಾಗಿರುತ್ತದೆ. ಮುಂದೆ ನುಗ್ಗಿದವನಿಗೆ ಮನಸ್ಸಿನಲ್ಲೇ ಬೈದು, ಆಫೀಸಿನಲ್ಲಿ ನುಂಗಿಕೊಂಡ ಮಾತಿಗೆ ಮನಸ್ಸಿನಲ್ಲೇ ಉತ್ತರ ಕೊಟ್ಟು, ಮನೆಗೆ ಬರುವ ಹೊತ್ತಿಗೆ ನಾಲ್ಕಾರು ಬಟ್ಟಲು ಆಗಿರುತ್ತದೆ. ಮಗ ಸಿಕ್ಕಿಬೀಳುತ್ತಾನೆ ಅಷ್ಟೇ.

ಕೆಟ್ಟ ಯೋಚನೆ ಬೇಡ ಬೇಡ ಎಂದು ತಳ್ಳಿದರೆ ಹೋಗುವುದಿಲ್ಲ. ನಾನು ತುಂಬಾ ದಿನ ಹಾಗೆ ಮಾಡಿ ಸೋತೆ. ಗುಡಿಸಿ ಖಾಲಿ ಬಿಟ್ಟ ಮನೆಗೆ ದೆವ್ವ ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ವಾಪಸ್ ಬರುತ್ತದೆ ಎಂದು ಯೇಸುವೇ ಹೇಳಿದ್ದಾನೆ. ಅದಕ್ಕೇ ಯೇಸುವಿನ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಯಾವುದು ಸತ್ಯ, ಯಾವುದು ನ್ಯಾಯ, ಯಾವುದು ಶುದ್ಧ, ಯಾವುದು ಪ್ರೀತಿ ಹುಟ್ಟಿಸುವಂಥದ್ದು ಎಂದು ಪಟ್ಟಿ ಕೊಟ್ಟು, ಇವುಗಳ ಮೇಲೆ ಮನಸ್ಸಿಡಿ ಎನ್ನುತ್ತಾನೆ. ಪೌಲ ಆಗ ಸೆರೆಯಲ್ಲಿದ್ದ. ಸುಖವಾಗಿ ಕೂತು ಬರೆದ ಬುದ್ಧಿಮಾತಲ್ಲ ಅದು.

ನನಗೆ ದಾರಿ ತೋರಿಸಿದ್ದು ನಮ್ಮ ಸಭೆಯ ಒಬ್ಬ ವಯಸ್ಸಾದ ಅಮ್ಮ, ಹಿಂದೆ ನನ್ನ ಸಂಡೇ ಸ್ಕೂಲ್ ಟೀಚರ್. ಮಗಳ ಮಾತನ್ನು ಅವರ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಅವರು ಹೇಳಿದ್ದು ಇಷ್ಟೇ: "ಯಾರ ಬಗ್ಗೆ ಕೆಟ್ಟದ್ದು ಹೊಳೆಯುತ್ತೋ, ಆ ಯೋಚನೆ ಮುಗಿಯೋಕೆ ಮುಂಚೆ ಅವರ ಹೆಸರನ್ನ ದೇವರ ಮುಂದೆ ಹೇಳಿಬಿಡು ಕಣಪ್ಪ." ಮೊದಲ ವಾರ ಬಸ್ಸಿನಲ್ಲಿ ಕೂತು ದಿನಕ್ಕೆ ಹತ್ತಾರು ಹೆಸರು ಹೇಳಿದೆ. ನನ್ನ ಮನಸ್ಸಿನಲ್ಲಿ ಇಷ್ಟು ಕಸ ಇತ್ತಾ ಎಂದು ಗೊತ್ತಾದದ್ದೇ ಆಗ. ಈಗಲೂ ಹೇಳುತ್ತೇನೆ. ಹೆಸರುಗಳು ಕಡಿಮೆಯಾಗಿವೆ.

ಹೊಸದಾಗಿ ಹುಟ್ಟಬೇಕು ಎಂದು ಯೇಸು ನಿಕೊದೇಮ ಎಂಬ ಯೆಹೂದಿ ಮುಖಂಡನಿಗೆ ಹೇಳಿದನಲ್ಲ. ನಾವು ಹುಟ್ಟಿನ ಮಾತು ಜಾಸ್ತಿ ಆಡುತ್ತೇವೆ. ಹುಟ್ಟಿದ ಮಗುವನ್ನು ಬೆಳೆಸಬೇಕಲ್ವಾ? ನಿಮ್ಮನ್ನು ಮತ್ತೆ ಮೊದಲಿಂದ ಬೆಳೆಸಲು ಪರಲೋಕದ ತಂದೆ ಇದ್ದಾನೆ, ಸಭೆ ಇದೆ ಎನ್ನುವುದೇ ನಮ್ಮ ನಂಬಿಕೆ. ನಿಮ್ಮಂಥವರಿಗೆ 'ತಂದೆ' ಎಂಬ ಪದವೇ ಭಯ ತರುತ್ತದೆ ಎಂದು ನನಗೆ ಗೊತ್ತು. ಅವಸರ ಬೇಡ. ಲೂಕನ 15ನೇ ಅಧ್ಯಾಯದಲ್ಲಿ ಎಲ್ಲ ಹಾಳು ಮಾಡಿ ಬಂದ ಮಗನನ್ನು ಕಂಡು ಓಡಿ ಬಂದ ಅಪ್ಪನೊಬ್ಬ ಇದ್ದಾನೆ. ಮಗ ಪೂರ್ತಿ ಕ್ಷಮೆ ಕೇಳುವ ಮೊದಲೇ ಅಪ್ಪಿಕೊಳ್ಳುತ್ತಾನೆ. ಆ ಭಾಗವನ್ನೇ ದಿನಾ ಓದಿ, ಒಂದು ತಿಂಗಳು.

ಮಗನ ಮೇಲೆ ಕೈ ಏಳುವ ಮಟ್ಟಕ್ಕೆ ಹೋಗಿದ್ದರೆ ದಯವಿಟ್ಟು ತಡಮಾಡಬೇಡಿ. ಬಿ.ಟಿ.ಎಂ. ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರ ಸಮಾಲೋಚನಾ ಕೇಂದ್ರ ಇದೆ, ಹೋಗಿ ಮಾತಾಡಿ. ಅಲ್ಲಿಗೆ ಹೋಗುವುದು ನಂಬಿಕೆ ಕಡಿಮೆ ಇರುವುದರ ಗುರುತಲ್ಲ.

ಇನ್ನೊಂದು ಕೆಲಸ ಇವತ್ತು ರಾತ್ರಿಯೇ ಮಾಡಬಹುದು. ಮಗನ ಹತ್ತಿರ ಕ್ಷಮೆ ಕೇಳಿ. "ಆದ್ರೆ ನೀನೂ ಹಾಗೆ ಮಾಡಬಾರದಿತ್ತು" ಎಂದು ಕೊನೆಗೆ ಸೇರಿಸಬೇಡಿ. ನಿಮ್ಮಪ್ಪ ನಿಮ್ಮ ಹತ್ತಿರ ಒಮ್ಮೆಯೂ ಕೇಳಿರಲಿಕ್ಕಿಲ್ಲ, ಆದ್ದರಿಂದ ನಾಲಿಗೆ ತಡವರಿಸುತ್ತದೆ. ನನಗೂ ತಡವರಿಸಿತು. ಆ ಆಂಟಿ ಒಳ್ಳೆಯವರು, ಜನರನ್ನು ಹಾಗೆ ನೋಡುವುದನ್ನು ನಿನಗೆ ಕಲಿಸಿದ್ದು ನಾನೇ, ತಪ್ಪಾಯ್ತು ಮಗಳೇ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ "ಹಾಗಾದ್ರೆ ನಾವೂ ಅವರಿಗೆ ಏನಾದ್ರೂ ಕೊಡೋಣ್ವಾ?" ಎಂದು ಕೇಳಿ, ಅಡುಗೆಮನೆಗೆ ಹೋಗಿ ಡಬ್ಬ ಹುಡುಕತೊಡಗಿದಳು.