ಓದುಗರ ಪ್ರಶ್ನೆ, ನಮ್ಮ ಉತ್ತರ: ಈಥರ್ನೆಟ್ ಚಿಪ್‌ನ ರೀಸೆಟ್ ತಂತಿ

ಪ್ರಶ್ನೆ: ಮಾನ್ಯರೇ, ಗದಗ ಜಿಲ್ಲೆಯ ಗಾಳಿಯಂತ್ರಗಳಿಂದ ಮಾಹಿತಿ ಸಂಗ್ರಹಿಸುವ ಪುಟ್ಟ ಲಿನಕ್ಸ್ ಬೋರ್ಡೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅದರ ಈಥರ್ನೆಟ್ ಫೈ ಚಿಪ್‌ನ (ನೆಟ್‌ವರ್ಕ್ ಕೇಬಲ್ಲಿನ ಸಂಕೇತಗಳನ್ನು ನಿಭಾಯಿಸುವ ಚಿಪ್) ರೀಸೆಟ್ ತಂತಿ ಪ್ರೊಸೆಸರಿನ ಒಂದು ಜಿಪಿಐಒ ಪಿನ್ನಿಗೆ (ಸಾಫ್ಟ್‌ವೇರ್‌ನಿಂದ ಏರಿಳಿಸಬಹುದಾದ ಪಿನ್) ಹೋಗುತ್ತದೆ. ರೆಸಿಸ್ಟರ್ ಒಂದು ಆ ತಂತಿಯನ್ನು ಗ್ರೌಂಡಿನತ್ತ ಎಳೆದಿರುತ್ತದೆ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆಯೆಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ತಿಳಿಸುವ ಕಡತ) ಫೈ ನೋಡ್‌ನೊಳಗೆ, ಅಂದರೆ ಆ ಚಿಪ್‌ನ ವಿಭಾಗದಲ್ಲಿ, ರೀಸೆಟ್ ಪಿನ್ ಯಾವುದೆಂದು ಹೇಳುವ ‘ರೀಸೆಟ್-ಜಿಪಿಐಒಸ್’ ಸಾಲು ಬರೆದಿದ್ದೇವೆ. ಕಾರ್ಯಾಗಾರದಲ್ಲಿ ಬೂಟ್‌ಲೋಡರ್ (ಕರ್ನೆಲ್ಲನ್ನು ತಂದು ಶುರುಮಾಡುವ ಪ್ರೋಗ್ರಾಂ) ನೆಟ್‌ವರ್ಕ್ ಮೂಲಕ ಕರ್ನೆಲ್ ತಂದಾಗ ಎಲ್ಲವೂ ಸರಿಯಿರುತ್ತದೆ. ಮೆಮೊರಿ ಕಾರ್ಡ್‌ನಿಂದ ಬೂಟ್ ಮಾಡಿದರೆ ಫೈ ಸಿಗಲಿಲ್ಲವೆಂಬ ಸಂದೇಶ ಬರುತ್ತದೆ. ಡ್ರೈವರ್‌ನಲ್ಲೇ ಪಿನ್ನನ್ನು ಏರಿಳಿಸುವ ನಾಲ್ಕು ಸಾಲು ಸೇರಿಸಬಹುದೇ?
(ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ಸೇರಿಸಬೇಡಿ. ನೀವು ಬರೆದ ಸಾಲು ಸರಿಯಾಗಿಯೇ ಇದೆ, ಆದರೆ ಕರ್ನೆಲ್ ಅದನ್ನು ಓದುವ ಹಂತಕ್ಕೇ ಬರುತ್ತಿಲ್ಲ. ಫೈ ಚಿಪ್ ಯಾವುದೆಂದು ತಿಳಿಯಲು ಕರ್ನೆಲ್ ಮೊದಲು ಎಂಡಿಐಒ ಬಸ್ಸಿನ (ಫೈ ಚಿಪ್‌ಗಳೊಡನೆ ಮಾತಾಡುವ ತಂತಿಗಳು) ಮೂಲಕ ಅದರ 2 ಮತ್ತು 3ನೇ ರಿಜಿಸ್ಟರ್‌ಗಳಲ್ಲಿರುವ ಗುರುತಿನ ಸಂಖ್ಯೆಯನ್ನು ಕೇಳುತ್ತದೆ. ಗ್ರೌಂಡಿನತ್ತ ಎಳೆದ ತಂತಿಯಿಂದಾಗಿ ರೀಸೆಟ್‌ನಲ್ಲೇ ಉಳಿದ ಚಿಪ್ ಉತ್ತರಿಸುವುದಿಲ್ಲ. ಬಸ್ಸಿನ ತಂತಿಗೆ ಪುಲ್-ಅಪ್ (ತಂತಿಯನ್ನು ಮೇಲಿನ ವೋಲ್ಟೇಜ್‌ನತ್ತ ಎಳೆಯುವ ರೆಸಿಸ್ಟರ್) ಇರುವುದರಿಂದ ಓದಿದ 16 ಬಿಟ್‌ಗಳೂ 1 ಆಗಿಯೇ ಕಾಣುತ್ತವೆ, ಮತ್ತು ಆ ವಿಳಾಸದಲ್ಲಿ ಯಾವ ಚಿಪ್ಪೂ ಇಲ್ಲವೆಂದು ಕರ್ನೆಲ್ ಮುಂದೆ ಸಾಗುತ್ತದೆ. ಫೈ ನೋಡ್‌ನೊಳಗಿನ ರೀಸೆಟ್ ಪಿನ್ನನ್ನು ಕೈಗೆತ್ತಿಕೊಳ್ಳುವುದು ಚಿಪ್ ಸಿಕ್ಕ ಮೇಲೆ ಮಾತ್ರ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತಹ ಸ್ಥಿತಿ ಇದು. ಕಾರ್ಯಾಗಾರದಲ್ಲಿ ಬೂಟ್‌ಲೋಡರ್ ತನ್ನ ಕೆಲಸಕ್ಕಾಗಿ ನೆಟ್‌ವರ್ಕ್ ಬಳಸುವಾಗ ಚಿಪ್ಪನ್ನು ರೀಸೆಟ್‌ನಿಂದ ಬಿಟ್ಟಿರುತ್ತದೆ, ಆದ್ದರಿಂದಲೇ ಅಲ್ಲಿ ತೊಂದರೆ ಕಾಣಲಿಲ್ಲ.

ಇದಕ್ಕೆ ಎರಡು ದಾರಿಗಳಿವೆ. ಫೈ ನೋಡ್‌ನ ‘ಕಂಪ್ಯಾಟಿಬಲ್’ ಸಾಲಿನಲ್ಲಿ ಚಿಪ್‌ನ ಗುರುತಿನ ಸಂಖ್ಯೆಯನ್ನೇ ಬರೆದರೆ ಕರ್ನೆಲ್ ಚಿಪ್ಪನ್ನು ಕೇಳುವುದಿಲ್ಲ. ಸಾಧನವನ್ನು ನೇರವಾಗಿ ಸೃಷ್ಟಿಸಿ, ಪಿನ್ನನ್ನು ಪಡೆದು, ರೀಸೆಟ್ ಬಿಡುತ್ತದೆ. ಆದರೆ ಮಾಲು ಸಿಗದ ಕಾಲದಲ್ಲಿ ಬೇರೆ ಕಂಪನಿಯ ಚಿಪ್ ಹಾಕಬೇಕಾಗಿ ಬಂದರೆ ಡಿವೈಸ್ ಟ್ರೀ ಸುಳ್ಳು ಹೇಳತೊಡಗುತ್ತದೆ, ತಪ್ಪು ಡ್ರೈವರ್ ಬಂದು ಕೂರುತ್ತದೆ. ಇನ್ನೊಂದು ದಾರಿಯೆಂದರೆ ‘ರೀಸೆಟ್-ಜಿಪಿಐಒಸ್’ ಸಾಲನ್ನು ಎಂಡಿಐಒ ಬಸ್ಸಿನ ನೋಡ್‌ಗೆ ಏರಿಸುವುದು. ಆಗ ಬಸ್ಸನ್ನು ಹುಡುಕುವ ಮೊದಲೇ ಕರ್ನೆಲ್ ರೀಸೆಟ್ ಹಾಕಿ ಬಿಡುತ್ತದೆ. ಬಸ್ಸಿನಲ್ಲಿರುವ ಎಲ್ಲ ಚಿಪ್‌ಗಳಿಗೂ ಸೇರಿದ ತಂತಿಗಾಗಿಯೇ ಈ ವ್ಯವಸ್ಥೆ ಇದೆ; ನಿಮ್ಮ ಬಸ್ಸಿನಲ್ಲಿ ಒಂದೇ ಫೈ ಇರುವುದರಿಂದ ನಾನಾದರೆ ಇದನ್ನೇ ಆರಿಸುತ್ತೇನೆ. ಒಂದೇ ತಂತಿಯನ್ನು ಎರಡು ಫೈಗಳು ಹಂಚಿಕೊಂಡಿದ್ದರಂತೂ ಇದೇ ಸರಿಯಾದ ಜಾಗ.

ಬಸ್ಸಿನ ನೋಡ್‌ನಲ್ಲಿ ‘ರೀಸೆಟ್-ಡಿಲೇ-ಯುಎಸ್’ ಬರೆಯದಿದ್ದರೆ ಕರ್ನೆಲ್ ರೀಸೆಟ್ಟನ್ನು ಕೇವಲ 10 ಮೈಕ್ರೊಸೆಕೆಂಡು ಹಿಡಿದು ಬಿಟ್ಟುಬಿಡುತ್ತದೆ. ‘ರೀಸೆಟ್-ಪೋಸ್ಟ್-ಡಿಲೇ-ಯುಎಸ್’ ಇಲ್ಲದಿದ್ದರೆ ಬಿಟ್ಟ ಮೇಲೆ ಕಾಯುವುದೇ ಇಲ್ಲ. ಎರಡನ್ನೂ ಚಿಪ್‌ನ ಡೇಟಾಶೀಟ್ ನೋಡಿ ಬರೆಯಿರಿ, ತಂತಿಯ ಮೇಲೆ ಕೆಪಾಸಿಟರ್ ಇದ್ದರೆ ವೋಲ್ಟೇಜ್ ನಿಧಾನವಾಗಿ ಏರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪರೀಕ್ಷೆಯನ್ನು ಮಾತ್ರ ಮೆಮೊರಿ ಕಾರ್ಡ್‌ನಿಂದ, ಪ್ಲಗ್ ಕಿತ್ತು ಹಾಕಿಯೇ ಮಾಡಬೇಕು. ಯುಪಿಎಸ್ ಇರುವ ಮೇಜಿನ ಮೇಲೆ ಬರೀ ರೀಬೂಟ್ ಕೊಟ್ಟು ನೋಡಿದರೆ ಸಾಲದು.

ಪ್ರಶ್ನೆ: ಡ್ರೈವರ್ ರೀಸೆಟ್ ಪಿನ್ನಿಗೆ 1 ಎಂದು ಬರೆಯುತ್ತದೆ, ಮೀಟರ್ ಹಿಡಿದರೆ 0 ವೋಲ್ಟ್ ತೋರಿಸುತ್ತದೆ. ಇದು ದೋಷವೇ?
(ವಿದ್ಯಾರ್ಥಿ, ಧಾರವಾಡ)

ಉತ್ತರ: ಅಲ್ಲ. ಈಗಿನ ಜಿಪಿಐಒ ಕರೆಗಳಲ್ಲಿ 1 ಎಂದರೆ ‘ರೀಸೆಟ್ ಹಾಕು’ ಎಂದರ್ಥ, ವೋಲ್ಟೇಜ್ ಅಲ್ಲ. ಸರ್ಕ್ಯೂಟ್ ನಕ್ಷೆಯಲ್ಲಿ ರೀಸೆಟ್ ಹೆಸರಿನ ಮೇಲೆ ಅಡ್ಡಗೆರೆಯಿದ್ದರೆ ತಂತಿ ಕೆಳಗಿಳಿದಾಗ ರೀಸೆಟ್ ಆಗುತ್ತದೆ. ಡಿವೈಸ್ ಟ್ರೀಯಲ್ಲಿ ‘ಆಕ್ಟಿವ್ ಲೋ’ ಎಂದು ಬರೆದರೆ ತಿರುವುಮುರುವನ್ನು ಕರ್ನೆಲ್ ನೋಡಿಕೊಳ್ಳುತ್ತದೆ.

ಹಳೆಯ ಬೋರ್ಡ್‌ಗಳ ಕಡತದಿಂದ ನಕಲು ಮಾಡುವಾಗ ಮಾತ್ರ ಎಚ್ಚರವಿರಲಿ. ಎನ್‌ಎಕ್ಸ್‌ಪಿ ಕಂಪನಿಯ ಐ.ಎಂಎಕ್ಸ್ ಪ್ರೊಸೆಸರ್‌ಗಳ ಎಫ್‌ಇಸಿ ಎಂಬ ಈಥರ್ನೆಟ್ ಡ್ರೈವರ್ ಮೊದಲು ಈ ‘ಆಕ್ಟಿವ್ ಲೋ’ ಗುರುತನ್ನು ಗಮನಿಸುತ್ತಲೇ ಇರಲಿಲ್ಲ, ತಂತಿ ಆಕ್ಟಿವ್ ಹೈ (ಮೇಲೇರಿದಾಗ ರೀಸೆಟ್) ಆಗಿದ್ದರೆ ಅದಕ್ಕೆಂದೇ ಬೇರೊಂದು ಸಾಲು ಬೇಕಿತ್ತು. ಹಾಗಾಗಿ ಅಂಥ ಕಡತಗಳಲ್ಲಿ ತಪ್ಪು ಗುರುತಿದ್ದೂ ಬೋರ್ಡ್ ಸರಿಯಾಗಿ ನಡೆದಿರಬಹುದು. ರೀಸೆಟ್ ಹಿಡಿಯುವ ಅವಧಿ ಹೇಳುವ ಎಫ್‌ಇಸಿಯ ‘ಫೈ-ರೀಸೆಟ್-ಡ್ಯುರೇಶನ್’ ಮಿಲಿಸೆಕೆಂಡಿನಲ್ಲಿದೆ, ಫೈ ನೋಡ್‌ನ ‘ರೀಸೆಟ್-ಅಸರ್ಟ್-ಯುಎಸ್’ ಮೈಕ್ರೊಸೆಕೆಂಡಿನಲ್ಲಿದೆ. ಅಲ್ಲಿನ 10 ಇಲ್ಲಿ 10000 ಆಗಬೇಕು.