ನೀವ್ ಸರಸ್ವತಿ

ಮೈಸೂರಿನ ಓದುಗರೊಬ್ಬರ ಪತ್ರ. ಮಗಳು ಐರ್ಲೆಂಡಿನ ಕಾರ್ಕ್‌ನಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. ಮೊದಲ ಮೊಮ್ಮಗಳು ಹುಟ್ಟಿ ಮೂರು ವಾರವಾಯಿತು. ಬೀಗರ ಕಡೆಯವರು ಐರಿಶ್ ಹೆಸರೊಂದನ್ನು ಆರಿಸಿದ್ದಾರೆ. ಇಂಗ್ಲಿಷಿನಲ್ಲಿ ಎನ್, ಐ, ಎ, ಎಂ, ಎಚ್ ಅಂತ ಬರೆಯುತ್ತಾರೆ, ‘ನೀವ್’ ಅಂತ ಕರೆಯುತ್ತಾರೆ. ನಡುವಿನ ಹೆಸರನ್ನು ಅಜ್ಜಿಗೆ ಬಿಟ್ಟಿದ್ದಾರೆ. ಅಜ್ಜಿಗೆ ತೀರಿಹೋದ ತಮ್ಮ ತಾಯಿಯ ಹೆಸರು, ಸರಸ್ವತಿ, ಇಡುವ ಆಸೆ. “ಅದು ಇಲ್ಲಿಯವರ ಬಾಯಿಗೆ ಉದ್ದವಾಯಿತಮ್ಮ, ಸಾರಾ ಅಂತ ಮಾಡೋಣ” ಎನ್ನುತ್ತಾಳೆ ಮಗಳು. ತಾರಾ, ವಸುಧಾ ಕೂಡ ಪಟ್ಟಿಯಲ್ಲಿವೆ. ‘ಮೊಮ್ಮಗಳನ್ನು ದಿನಾ ಬಹುವಚನದಲ್ಲಿ ಕರೆದ ಹಾಗಾಗುತ್ತದಲ್ಲ, ಏನು ಮಾಡಲಿ?’ ಎಂದೂ ಕೇಳಿದ್ದಾರೆ.

ಅಮ್ಮಾ, ನಮಸ್ಕಾರ.

ಮೊದಲು ಆ ಎಂ ಮತ್ತು ಎಚ್ ವಿಷಯ. ನೆಂಟರೆಲ್ಲ ‘ನಿಯಾಮ್’ ಅಂತ ಓದುತ್ತಾರೆ, ಯಾಕೆ ಹೀಗೆ ಬರೆಯಬೇಕು ಅಂತ ಬೇಸರ ಮಾಡಿಕೊಂಡಿದ್ದೀರಿ. ಇಂಗ್ಲಿಷಿನ ಲೆಕ್ಕದಲ್ಲಿ ಓದುವುದರಿಂದ ಹಾಗಾಗುತ್ತದೆ, ಅಷ್ಟೇ. ಐರಿಶ್ ಭಾಷೆಗೆ ಅದರದೇ ಲೆಕ್ಕ ಇದೆ. ಅಲ್ಲಿ ‘ಮ’ ಮೆದುವಾದಾಗ ‘ವ’ ಆಗುತ್ತದೆ. ಹಿಂದೆ ಅದನ್ನು ತೋರಿಸಲು ಅಕ್ಷರದ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ಕಳೆದ ಶತಮಾನದಲ್ಲಿ ಚುಕ್ಕಿ ಹೋಗಿ ಪಕ್ಕದಲ್ಲಿ ಎಚ್ ಬರೆಯುವುದು ರೂಢಿಯಾಯಿತು. ನಮಗೆ ಇದು ಹೊಸದೇನಲ್ಲ. ಶಾಲೆಯಲ್ಲಿ ಆದೇಶ ಸಂಧಿ ಕಲಿತದ್ದು ನೆನಪಿದೆಯಾ? ಮೆಲ್ ಮತ್ತು ಮಾತು ಸೇರಿದರೆ ‘ಮೆಲ್ವಾತು’. ನಮ್ಮಲ್ಲೂ ‘ಮ’ ಹೋಗಿ ‘ವ’ ಬಂತಲ್ಲ! ನಿಮ್ಮ ಮೊಮ್ಮಗಳ ಹೆಸರಿನ ಕೊನೆಯಲ್ಲೂ ಅಂಥದ್ದೇ ನಡೆದಿದೆ.

ಹೆಸರಿನ ಅರ್ಥ ಹೊಳಪು, ಕಾಂತಿ. ಐರಿಶ್ ಪುರಾಣದಲ್ಲಿ ನೀವ್ ಹೊನ್ನಿನ ಕೂದಲಿನವಳು, ಕಡಲ ದೇವರ ಮಗಳು. ಬಿಳಿ ಕುದುರೆಯ ಮೇಲೆ ಬಂದು ವೀರ ಉಶೀನ್‌ನನ್ನು ಮುಪ್ಪೇ ಇಲ್ಲದ ನಾಡಿಗೆ ಕರೆದುಕೊಂಡು ಹೋಗುತ್ತಾಳೆ. ಅವನು ಅಲ್ಲಿ ಮೂರು ವರ್ಷ ಇದ್ದೆ ಅಂದುಕೊಳ್ಳುತ್ತಾನೆ, ಇಲ್ಲಿ 300 ವರ್ಷ ಕಳೆದಿರುತ್ತದೆ. ತುಂಬಾ ಒಳ್ಳೆಯ ಕಥೆ. ಮಗು ಸ್ವಲ್ಪ ದೊಡ್ಡದಾದ ಮೇಲೆ ಫೋನಿನಲ್ಲಿ ನೀವೇ ಕನ್ನಡದಲ್ಲಿ ಹೇಳಿ.

ಇನ್ನು ನಡುವಿನ ಹೆಸರು. ಹೆಸರು ಜೋಡಿಸುವಾಗ ಕಾಗದದ ಮೇಲೆ ನೋಡಬೇಡಿ, ಬಾಯಲ್ಲಿ ಹೇಳಿ ನೋಡಿ. ‘ನೀವ್ ವಸುಧಾ’ ಅಂತ ಎರಡು ಸಲ ಜೋರಾಗಿ ಹೇಳಿ. ಎರಡು ‘ವ’ ಅಂಟಿಕೊಂಡು ‘ನೀವಸುಧಾ’ ಆಗಿಬಿಡುತ್ತದೆ. ಚೆಂದದ ಹೆಸರು, ಆದರೆ ಈ ಜೋಡಿಯಲ್ಲಿ ಅದರ ಮೊದಲ ಅಕ್ಷರವೇ ಕಳೆದುಹೋಗುತ್ತದೆ. ಹಾಗಾಗಿ ಅದನ್ನು ಬಿಡಿ.

ತಾರಾ ಸುಲಭದ ದಾರಿ. ನಮಗೆ ಅದು ನಕ್ಷತ್ರ. ಅವರಿಗೆ ತಾರಾ ಅಂದರೆ ಮೀಥ್ ಕೌಂಟಿಯ ಒಂದು ಬೆಟ್ಟ, ಐರ್ಲೆಂಡಿನ ಹಿರಿಯ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದ ಜಾಗ. ಆ ಬೆಟ್ಟದ ಹೆಸರನ್ನು ಅಲ್ಲಿ ಹೆಣ್ಣುಮಕ್ಕಳಿಗೆ ಇಡುತ್ತಾರೆ. ಎರಡೂ ಕಡೆ ಯಾರಿಗೂ ವಿವರಿಸಬೇಕಿಲ್ಲ. ನಿಮಗೆ ಮನಸ್ಸಿನಲ್ಲಿ ಬೇರೆ ಹೆಸರು ಇಲ್ಲದಿದ್ದರೆ ಇದನ್ನೇ ಇಡಿ ಅನ್ನುತ್ತಿದ್ದೆ. ಆದರೆ ಪತ್ರದಲ್ಲಿ ತಾರಾ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ, ನಿಮ್ಮ ತಾಯಿಯ ಬಗ್ಗೆ ಒಂದೂವರೆ ಪುಟ. ನಿಮಗೆ ಬೇಕಾದದ್ದು ಸರಸ್ವತಿ, ಅಲ್ವಾ?

ಹಾಗಾದರೆ ಅದನ್ನೇ ಇಡಿ. ಪೂರ್ತಿಯಾಗಿ ಇಡಿ. ಸಾರಾ ಮಾಡಬೇಡಿ.

ಸಾರಾ ಕೆಟ್ಟ ಹೆಸರು ಅಂತ ಈ ಮಾತು ಹೇಳುತ್ತಿಲ್ಲ. ಅದು ಬೇರೆಯೇ ಹೆಸರು, ಬೇರೆಯೇ ಜನರ ನೆನಪು ಅದರಲ್ಲಿದೆ. ಅದರಲ್ಲಿ ನಿಮ್ಮ ತಾಯಿ ಇರುವುದಿಲ್ಲ. ಅಲ್ಲಿಯವರಿಗೆ ಕಷ್ಟವಾಗುತ್ತದೆ ಎನ್ನುವ ಮಗಳ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಐರ್ಲೆಂಡಿನವರಷ್ಟು ಈ ನೋವು ಉಂಡವರು ಕಡಿಮೆ. ಇಂಗ್ಲಿಷರ ಆಳ್ವಿಕೆಯಲ್ಲಿ ಅವರ ಹೆಸರುಗಳನ್ನೆಲ್ಲ ಹೀಗೇ ಸುಲಭ ಮಾಡಲಾಯಿತು. ಗ್ರೋನ್ಯಾ ಹೋಗಿ ಗ್ರೇಸ್ ಆಯಿತು. ಬ್ರೀಡ್ ಹೋಗಿ ಬ್ರಿಜೆಟ್ ಆಯಿತು. 1893ರಲ್ಲಿ ಭಾಷೆ ಉಳಿಸಲು ಗೇಲಿಕ್ ಲೀಗ್ ಶುರುವಾಯಿತು. ಆಮೇಲೆ ಜನ ಒಂದೊಂದಾಗಿ ತಮ್ಮ ಹೆಸರುಗಳನ್ನು ವಾಪಸ್ ತಂದುಕೊಂಡರು. ನಿಮ್ಮ ಬೀಗರು ಇವತ್ತು ಮಗುವಿಗೆ ನೀವ್ ಅಂತ ಇಡುತ್ತಿರುವುದೂ ಅದರ ಫಲವೇ. ಜಗತ್ತೆಲ್ಲ ತಪ್ಪಾಗಿ ಓದಿದರೂ ಪರವಾಗಿಲ್ಲ ಅಂತ ಎಂ ಎಚ್ ಉಳಿಸಿಕೊಂಡವರು ಅವರು. ‘ಸರಸ್ವತಿ’ ಕಲಿಯಲು ಅವರಿಗೆ ಎರಡು ದಿನ ಸಾಕು.

ನಿಮ್ಮ ಮೈಸೂರಿನಲ್ಲೇ ನಡೆದದ್ದು ನೆನಪಿಸಿಕೊಳ್ಳಿ. 1924ರಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಹುಡುಗ ಪುಟ್ಟಪ್ಪನಿಗೆ, ನಿನ್ನ ಭಾಷೆಯಲ್ಲಿ ಬರಿ ಎಂದವರು ಜೇಮ್ಸ್ ಕಸಿನ್ಸ್, ಐರ್ಲೆಂಡಿನ ಕವಿ. ನಮಗೆ ಕುವೆಂಪು ಸಿಕ್ಕಿದ್ದರಲ್ಲಿ ಆ ಮಾತಿನದೂ ಪಾಲಿದೆ. ಆ ದೇಶದವರ ಮುಂದೆ ನಮ್ಮ ಹೆಸರನ್ನು ನಾವೇ ಕತ್ತರಿಸಿ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು ಮಗಳಿಗೆ ಹೇಳಿ. ಐರ್ಲೆಂಡಿನ ಹಳೆಯ ಪದ್ಧತಿಯಲ್ಲಿ ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರು ಇಡುತ್ತಿದ್ದರು, ಎರಡನೆಯವಳಿಗೆ ತಂದೆಯ ತಾಯಿಯದು. ಆ ಲೆಕ್ಕದಲ್ಲಿ ಈ ಮಗುವಿಗೆ ಬರಬೇಕಾದದ್ದು ನಿಮ್ಮ ಹೆಸರು. ಬದುಕಿರುವವರ ಹೆಸರು ಇಡುವ ರೂಢಿ ನಿಮ್ಮ ಮನೆಯಲ್ಲಿಲ್ಲ ಅಂದಿದ್ದೀರಿ. ಹಾಗಿದ್ದರೆ ನಿಮ್ಮ ಪಾಲಿನ ಜಾಗವನ್ನು ನೀವು ನಿಮ್ಮ ತಾಯಿಗೆ ಕೊಡುತ್ತಿದ್ದೀರಿ. ಬೀಗರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಉದ್ದದ ಬಗ್ಗೆಯೂ ಚಿಂತೆ ಬೇಡ. ಮೊದಲ ಹೆಸರು ಒಂದೇ ಉಸಿರಿನದು. ಅದರ ಹಿಂದೆ ಉದ್ದನೆಯ ಹೆಸರು ಬಂದರೆ ಮಾತು ಸಲೀಸಾಗಿ ಹರಿಯುತ್ತದೆ. ನಿಮ್ಮ ಬಹುವಚನದ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಒಂದು ಸಲ ಹೇಳಿ ನೋಡಿ: ನೀವ್ ಸರಸ್ವತಿ. ಕನ್ನಡದಲ್ಲಿ ಅದು ಪೂರ್ತಿ ಒಂದು ವಾಕ್ಯ. ತಾಯಿಯನ್ನು ಕೊನೆಯವರೆಗೂ ‘ನೀವು’ ಅಂತಲೇ ಮಾತಾಡಿಸುತ್ತಿದ್ದೆ ಅಂತ ಬರೆದಿದ್ದೀರಲ್ಲ. ಪತ್ರದ ಆ ಸಾಲಿಗೆ ಬಂದಾಗ ನಾನು ಸುಮ್ನೆ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಕೊನೆಗೆ ಕಾಗದಪತ್ರದ ಕೆಲಸ. ಅಲ್ಲಿ ಹುಟ್ಟಿದ 3 ತಿಂಗಳೊಳಗೆ ನೋಂದಣಿ ಮಾಡಿಸಬೇಕು, ನಿಮಗೆ ಇನ್ನೂ ಸಮಯವಿದೆ. ನಮ್ಮ ಕಡೆಯ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರಿಗೆ ಬೇರೆ ಜಾಗವೇ ಇಲ್ಲ. ಮನೆತನದ ಹೆಸರು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಹಾಗಾಗಿ ಮುಂದೆ ಇಲ್ಲಿಯ ದಾಖಲೆ ಏನೇ ಮಾಡಿಸಿದರೂ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಮತ್ತೆ, ಸರಸ್ವತಿಯ ಕೊನೆಯಲ್ಲಿ ನಾವು ಅಭ್ಯಾಸಬಲದಿಂದ ಟಿ, ಎಚ್, ಐ ಅಂತ ಬರೆಯುತ್ತೇವೆ. ಇಲ್ಲಿ ಟಿ, ಐ ಅಂತ ಮಾತ್ರ ಬರೆಸಿ. ಐರಿಶ್‌ನಲ್ಲಿ ಟಿ ಪಕ್ಕ ಎಚ್ ಬಂದರೆ ಅದನ್ನು ‘ಹ’ ಅಂತ ಓದುತ್ತಾರೆ. ಅಜ್ಜಿಯ ಅಮ್ಮ ‘ಸರಸ್ವಹಿ’ ಆಗುವುದು ಬೇಡ.

— ಸಂಪಾದಕರು