ರಸ್ತೆ ಇದೆ, ದಾರಿ ಇಲ್ಲ

ಪ್ರಶ್ನೆ: ಬೆಂಗಳೂರಿನ ಸರ್ಜಾಪುರ ರಸ್ತೆಯ ಬಡಾವಣೆಯಲ್ಲಿದ್ದೇವೆ. ಹಿಂದಿನ ಬಡಾವಣೆಯ ಶಾಲೆ ನಮ್ಮ ಮಹಡಿಗೇ ಕಾಣುತ್ತದೆ, ಇನ್ನೂರು ಮೀಟರ್ ಇರಬಹುದು. ಹೋಗಲು ಮಾತ್ರ ಮುಖ್ಯರಸ್ತೆ ಸುತ್ತಿ ಎರಡು ಕಿ.ಮೀ. ಜಯನಗರದಲ್ಲಿ ಈ ಪಾಡಿರಲಿಲ್ಲ. ಮುಖ್ಯರಸ್ತೆ ಅಗಲ ಮಾಡಿದರೆ ಸರಿಹೋದೀತೆ?

ಉತ್ತರ: ಇಲ್ಲ. ಅಗಲ ಮಾಡಿದರೂ ಸುತ್ತು ಅಷ್ಟೇ ಇರುತ್ತದೆ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ, ಆಮೇಲಿನ ಜಯನಗರ ಎಲ್ಲವೂ ಮೊದಲೇ ನಕ್ಷೆ ಬರೆದು ಕಟ್ಟಿದವು. ಮೇನು, ಕ್ರಾಸು ಒಂದಕ್ಕೊಂದು ಕೂಡುತ್ತವೆ. ನಿಮ್ಮ ಕಡೆ ಹಳ್ಳಿಯ ಹಳೇ ರಸ್ತೆಯೇ ಮುಖ್ಯರಸ್ತೆಯಾಯಿತು. ಅದರ ಪಕ್ಕದ ಜಮೀನು ಒಂದೊಂದೇ ಸರ್ವೆ ನಂಬರಿನಂತೆ ಬಡಾವಣೆಯಾಯಿತು. ಪ್ರತಿಯೊಂದಕ್ಕೂ ಮುಂದೆ ಒಂದು ಗೇಟು, ಉಳಿದ ಕಡೆ ಕಾಂಪೌಂಡು. ಒಳರಸ್ತೆ ಗಡಿಗೆ ಬಂದು ನಿಲ್ಲುತ್ತದೆ, ಅದರ ತುದಿಯಲ್ಲೂ ಒಂದು ಸೈಟು ಮಾರಾಟವಾದರೆ ಕಥೆ ಮುಗಿಯಿತು.

ರಸ್ತೆಗಳು ಎಷ್ಟರಮಟ್ಟಿಗೆ ಒಂದಕ್ಕೊಂದು ಕೂಡುತ್ತವೆ ಎಂದು ಎಣಿಸಿಯೇ ನೋಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯಲ್ಲಿ ಒಂದು ಚದರ ಕಿ.ಮೀ. ಆರಿಸಿ, ರಸ್ತೆಗಳು ಕೂಡುವ ಜಾಗಗಳನ್ನೂ (ಕೂಡುರಸ್ತೆ) ಮುಂದೆ ದಾರಿಯಿಲ್ಲದ ಕುರುಡು ತುದಿಗಳನ್ನೂ ಸೇರಿಸಿ ಎಣಿಸಿ. ಅವುಗಳ ನಡುವಿನ ರಸ್ತೆ ತುಂಡುಗಳ ಸಂಖ್ಯೆಯನ್ನು ಇದರಿಂದ ಭಾಗಿಸಿ. ಮರದಂತೆ ಕವಲೊಡೆದು ಎಲ್ಲೂ ಮತ್ತೆ ಕೂಡದ ರಸ್ತೆಜಾಲದಲ್ಲಿ ಉತ್ತರ 1 ದಾಟುವುದೇ ಇಲ್ಲ. ನಾಲ್ಕು ಅಡ್ಡ, ನಾಲ್ಕು ಉದ್ದ ರಸ್ತೆಗಳ ಚೌಕಳಿಯಲ್ಲಿ 16 ಕೂಡುರಸ್ತೆ, 24 ತುಂಡು: 1.5. ಅಮೆರಿಕದ ಕೆಲವು ಊರುಗಳು ಹೊಸ ಬಡಾವಣೆಗೆ ಕನಿಷ್ಠ 1.2ರಿಂದ 1.4 ಇರಲೇಬೇಕೆನ್ನುತ್ತವೆ. ಬರಿಯ ತಿರುವನ್ನು ಕೂಡುರಸ್ತೆ ಎಂದು ಎಣಿಸಬೇಡಿ, ಉತ್ತರ 1ರತ್ತ ಜಾರುತ್ತದೆ. ಗೇಟು ಹಾಕಿದ ಅಪಾರ್ಟ್‌ಮೆಂಟಿನ ಒಳರಸ್ತೆ ನಕ್ಷೆಯಲ್ಲಿ ಕಂಡರೂ ಬಿಡಿ. ಅದು ಹೊರಗಿನವರಿಗೆ ದಾರಿಯಲ್ಲ.

ಇನ್ನೊಂದು ಅಳತೆ, ನಡೆದ ದೂರವನ್ನು ನೇರ ದೂರದಿಂದ ಭಾಗಿಸುವುದು. ಚೌಕಳಿಯಲ್ಲಿ ಮೂಲೆಯಿಂದ ಮೂಲೆಗೆ ಹೋದರೂ ಸುಮಾರು 1.4. ನಿಮ್ಮದು 10!

ಪ್ರಶ್ನೆ: ಈಗ ಏನು ಮಾಡಬಹುದು?

ಉತ್ತರ: ಮೊದಲು ಅನುಮೋದಿತ ನಕ್ಷೆ ತರಿಸಿ. ಒಳರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ ಇದ್ದರೆ, ಅದಕ್ಕೆ ಅಡ್ಡ ನಿಂತ ಗೋಡೆ ಸಾರ್ವಜನಿಕ ರಸ್ತೆಯ ಮೇಲಿದೆ. ನಕ್ಷೆ ಲಗತ್ತಿಸಿ ದೂರು ಕೊಡಿ. ಖಾಸಗಿ ಜಾಗವಾದರೆ ಎರಡೂ ಬಡಾವಣೆಗಳ ನಿವಾಸಿ ಸಂಘಗಳ ಒಪ್ಪಿಗೆ ಬೇಕು. ಆಗ ಕಾರು ರಸ್ತೆ ಕೇಳಲು ಹೋಗಬೇಡಿ, ಯಾರೂ ಒಪ್ಪುವುದಿಲ್ಲ. ಪಾರ್ಕಿನ ಅಂಚಿನಲ್ಲಿ ಮೂರು ಮೀಟರ್ ಕಾಲುದಾರಿ, ಒಂದು ದೀಪ, ಕಾರು ನುಗ್ಗದಂತೆ ಗೂಟಗಳು ಸಾಕು. ಗೂಟಗಳ ನಡುವೆ ಒಂದು ಮೀಟರಾದರೂ ಬಿಡಿ, ಇಲ್ಲವಾದರೆ ಗಾಲಿಕುರ್ಚಿ ಸಿಕ್ಕಿಕೊಳ್ಳುತ್ತದೆ. ಬೈಕುಗಳು ಹೇಗೂ ನುಗ್ಗುತ್ತವೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.